ಮಂಗಳವಾರ ಏಳಕ್ಕೆ ಎಲ್ಕ್

ಅರಬ್ ದೇಶದ ಯಾನ್ಬುವಿನ ತೈಲ ರಿಫೈನರಿಯೊಂದರಲ್ಲಿ, ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸಕ್ಕೆ ಗಂಟೆಗಂಟೆಯ ಪ್ಲಾನ್ ಹಾಕುವವ ನಾನು. ನಮ್ಮ ಅಮೆರಿಕನ್ ಮ್ಯಾನೇಜರ್ ರಜೆಯಲ್ಲಿ ಊರಿಗೆ ಹೋಗಿ, ಅಲ್ಲಿನ ಸರಕಾರಿ ಬೆಟ್ಟಗಳಲ್ಲಿ ಎಲ್ಕ್ ಬೇಟೆಯಾಡುವವರಿದ್ದರು. ಎಲ್ಕ್ ಅಂದರೆ ಕುದುರೆಯಷ್ಟು ಎತ್ತರದ ಜಿಂಕೆ ಮಾರಾಯ್ರೆ!

"ಇದಕ್ಕೂ ಒಂದು ಪ್ಲಾನ್ ಮಾಡಿಕೊಡು" ಅಂದರು.

ಮೊಟ್ಟೆಯನ್ನೂ ಮುಟ್ಟದ ನಾನು ಪರ್ಮಿಟ್, ಬೆಟ್ಟ ಹತ್ತುವುದು, ಗುಂಡು ಹೊಡೆಯುವುದು, ಮಾಂಸ ಹೊರುವುದು ಎಲ್ಲ ಹಾಕಿದೆ.

"ಸರ್, ಎಲ್ಕ್ ಎಷ್ಟು ಗಂಟೆಗೆ ಬರ್ತದೆ?"

"ಅದು ನನಗೆ ಹೇಗೆ ಗೊತ್ತು?"

"ಅದರ ಟೈಮ್ ಹಾಕದಿದ್ದರೆ ಪ್ಲಾನಿನಲ್ಲಿ ಗುಂಡು ಹೊಡೆಯುವ ಕೆಲಸ ಶುರುವೇ ಆಗುವುದಿಲ್ಲ ಸರ್."

ಅವರು ತುಂಬಾ ಯೋಚಿಸಿ, "ಮಂಗಳವಾರ ಬೆಳಿಗ್ಗೆ ಏಳು" ಅಂದರು.

ರಜೆ ಮುಗಿಸಿ ಬರಿಗೈಯಲ್ಲಿ ಬಂದವರು ಸೀದಾ ನನ್ನ ಮೇಜಿಗೆ ಬಂದು, "ಗುಂಡು ಹೊಡೆಯುವ ಕೆಲಸ ತಡವಾದದ್ದಕ್ಕೆ ಕಾರಣ ಬರೆ" ಅಂದರು. ಪ್ರತಿ ಶಟ್‌ಡೌನಿನಲ್ಲೂ ಬರೆಯುವುದನ್ನೇ ಬರೆದೆ: ‘ಕಂಟ್ರಾಕ್ಟರ್ ಸಮಯಕ್ಕೆ ಬರಲಿಲ್ಲ.’

ಅವರು ಎರಡು ಸಲ ಓದಿ ಸಹಿ ಹಾಕಿದರು.