ಒಣಗಾಳಿ ಕದ್ದ ರೇಷ್ಮೆ

ನಾರಾಯಣಪೇಟೆಯ ನಮ್ಮ ನಡುಮನೆಯಲ್ಲಿ ಒಂದು ತಕ್ಕಡಿ ತೂಗುತ್ತದೆ. ನೇಯುವವರಿಗೆ ಬಣ್ಣದ ರೇಷ್ಮೆ ನೂಲಿನ ಲಡಿಗಳನ್ನು ತೂಗಿ ಕೊಡುವುದು, ಸೀರೆ ಬಂದಾಗ ತೂಗಿ ತೆಗೆದುಕೊಳ್ಳುವುದು ಅತ್ತೆಯವರ ಕಾಲದ ವಾಡಿಕೆ. ಮಕ್ತಲದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಹೋದ ವರ್ಷ ಆಶ್ವೀಜದಲ್ಲಿ ವಾರವಿಡೀ ಮಳೆ ಹಿಡಿದಿದ್ದಾಗ ನಾಗಮ್ಮನಿಗೆ ನೂಲು ತೂಗಿ ಕೊಟ್ಟೆ. ಓಣಿಯ ಕೊನೆಯ ಮನೆಯವಳು. ಇಪ್ಪತ್ತು ವರ್ಷಗಳಿಂದ ನಮಗೇ ನೇಯ್ದವಳು. ಕಾರ್ತಿಕದಲ್ಲಿ ಅವಳು ಸೀರೆ ತಂದಾಗ ತುಟಿ ಒಡೆಯುವಂಥ ಒಣ ಮೂಡುಗಾಳಿ ಬೀಸುತ್ತಿತ್ತು. ನೇಯುವಾಗ ಹೋಗುವ ತುಂಡುನೂಲಿನ ಲೆಕ್ಕ ಬಿಟ್ಟರೂ ತೂಕ ಕಡಿಮೆ ಬಂತು.

"ಉಳಿದ ನೂಲು ಎಲ್ಲೈತಿ ನಾಗಮ್ಮ?" ಎಂದು ಬಾಗಿಲಲ್ಲೇ ಕೇಳಿದೆ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಕೊಟ್ಟಿದ್ದೆಲ್ಲಾ ಸೀರ್ಯಾಗ ಐತ್ರಿ ಅಕ್ಕಾರ."

"ತಕ್ಕಡಿ ಹಂಗ ಹೇಳವಲ್ದು."

ಅವಳು ನಲ್ಲಿಯವರ ನಡುವೆಯೇ ಹಾದು ಹೋದಳು. ಮೂರನೆಯ ದಿನ ಮನೆಗೆ ಬೀಗ ಹಾಕಿ ಧರೂರಿನ ಮಗಳ ಮನೆ ಸೇರಿದಳು. ಸಂಶಯಕ್ಕೆ ಎಂಥ ಹಸಿವು ನೋಡಿ, ಆ ಬೀಗವೂ ನನಗೆ ಸಾಕ್ಷಿಯಾಯಿತು. ಅವಳ ಮಗಳ ಮೈಮೇಲೆ ಹಿಂದೊಮ್ಮೆ ಕಂಡಿದ್ದ ರೇಷ್ಮೆ ಕುಪ್ಪಸವೂ ಸಾಕ್ಷಿಯಾಯಿತು.

ಆ ಒಣಗಾಳಿ ನಿಲ್ಲುವ ಮುಂಚೆಯೇ, ಅದೇ ಬಣ್ಣದ ನೂಲನ್ನು ಬೇರೊಬ್ಬರಿಗೆ ಕೊಡಲು ಕಪಾಟು ತೆರೆದೆ. ಆ ಮಳೆಯ ದಿನವೇ ನಾನು ತೂಗಿ, ತೂಕ ಬರೆದ ಚೀಟಿ ಕಟ್ಟಿಟ್ಟಿದ್ದ ಲಡಿಯೊಂದು ಅಲ್ಲಿತ್ತು. ತೂಗಿದರೆ ಅದೂ ಕಡಿಮೆ. ಬೀಗದಕೈ ನನ್ನ ಸೆರಗಿನಲ್ಲೇ ಇದ್ದರೂ ಮೊದಲು ಮನೆಯವರ ಮೇಲೆ ಅನುಮಾನಪಟ್ಟೆ, ಆಮೇಲೆ ತಕ್ಕಡಿಯ ಮೇಲೆ. ಎರಡೂ ತಟ್ಟೆಗೆ ಸಮತೂಕದ ಕಬ್ಬಿಣದ ಬಟ್ಟುಗಳನ್ನಿಟ್ಟು ನೋಡಿದೆ, ಮುಳ್ಳು ನಡುವಿನಿಂದ ಕದಲಲಿಲ್ಲ. ಕದ್ದದ್ದು ಗಾಳಿ ಎಂದು ಆಗ ಹೊಳೆಯಿತು.

ಗಾಳಿಯಲ್ಲಿನ ನೀರಾವಿ ಎಲ್ಲ ದಿನ ಒಂದೇ ಅಲ್ಲವೆಂದು ಎಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಕಡಲ ಕಡೆಯ ಗಾಳಿ ಅದನ್ನು ಹೊತ್ತು ತರುತ್ತದೆ, ಕೆರೆ ಕಾಲುವೆ ಪೈರುಗಳು ಕೂಡಿಸುತ್ತವೆ, ಮಳೆ ಇಬ್ಬನಿಗಳು ಇಳಿಸುತ್ತವೆ. ಬೆಚ್ಚನೆಯ ಗಾಳಿಯಲ್ಲಿ ಆವಿಗೆ ಜಾಗ ಹೆಚ್ಚು, ತಣ್ಣನೆಯದರಲ್ಲಿ ಕಡಿಮೆ. ಒಣನೆಲದ ಮೇಲಿಂದ ಬಂದ ಗಾಳಿಗಂತೂ ತರಲು ಏನೂ ಇರುವುದಿಲ್ಲ. ಗಾಳಿಯಲ್ಲಿ ಆವಿ ತುಂಬಿದ್ದಾಗ ರೇಷ್ಮೆ ಅದರಿಂದ ತೇವ ಹೀರಿ ಹೆಚ್ಚು ತೂಗುತ್ತದೆ, ಬತ್ತಿದಾಗ ತಿರುಗಿ ಕೊಟ್ಟು ಹಗುರಾಗುತ್ತದೆ. ಮಕ್ಕಳು ಒಪ್ಪಿಸದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಪಾಠ ಇದು.

ಗದ್ವಾಲಕ್ಕೆ ಹೋಗಿ ಅಲ್ಲಿಂದ ಧರೂರಿನ ಬಸ್ಸು ಹಿಡಿದೆ. ಕಾಲುವೆ ನೀರಿನ ಭತ್ತದ ಗದ್ದೆಗಳು ಬಂದಂತೆ ಗಾಳಿ ಮೆತ್ತಗಾಯಿತು, ಒಡೆದ ತುಟಿಗೂ ಅದು ತಿಳಿಯಿತು. ನಾಗಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಹೇಳಿ, ತಪ್ಪಾಯಿತೆಂದೆ.

ಅವಳು ಮೊರ ಕೆಳಗಿಟ್ಟಳು. "ನೂಲು ಗಾಳಿಗೆ ಹಗುರಾಗೈತಿ ಅಂತ ಅವತ್ತ ನಾನಽ ಹೇಳಿದ್ದರ ನಂಬತಿದ್ರೇನ್ರಿ?"

"ಇಲ್ಲ," ಎಂದೆ.

"ಹಂಗಾರ ಇಲ್ಲಿ ಹೇಳಿದ್ದು ಸಾಲಂಗಿಲ್ರಿ. ನಲ್ಲಿ ಮುಂದ ಹೇಳ್ರಿ."

ಮರುದಿನ ಇಬ್ಬರೂ ನಾರಾಯಣಪೇಟೆಯ ಓಣಿಗೆ ಬಂದೆವು. ಕೊಡ ಹಿಡಿದು ನಿಂತವರ ಮುಂದೆ, ನಾಗಮ್ಮ ಒಂದೆಳೆಯನ್ನೂ ಕದ್ದಿಲ್ಲ, ನೂಲಿನ ನೀರನ್ನು ಗಾಳಿ ಒಯ್ದಿದೆ ಎಂದು ನಿಧಾನವಾಗಿ ವಿವರಿಸಿದೆ. ಕೆಲವರು ತಲೆಯಾಡಿಸಿದರು. ಒಬ್ಬಾಕೆ ಮಾತ್ರ ಕೊಡ ಎತ್ತುತ್ತ ಪಕ್ಕದವಳಿಗೆ, "ಇಬ್ರೂ ಕೂಡಿ ಏನೋ ಮುಚ್ಚಾಕ ಹತ್ಯಾರ," ಎಂದಳು. ನಾಗಮ್ಮ ನನ್ನ ಮುಖ ನೋಡಿದಳು. ಇಷ್ಟು ದಿನ ಅವಳೊಬ್ಬಳೇ ಹೊತ್ತಿದ್ದ ಮಾತಿನ ಭಾರ ಆಗ ನನಗೆ ತಿಳಿಯಿತು.