ನಿಂತೇ ಮಾತಾಡುವವರು

ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ನಾನು ಬಿಡಿಭಾಗಗಳ ನಕ್ಷೆ ತಯಾರಿಸುತ್ತಿದ್ದೆ. ತಯಾರಾದ ಭಾಗಗಳ ಅಳತೆ ಪರೀಕ್ಷಿಸುತ್ತಿದ್ದ ಧಾರವಾಡ ಕಡೆಯ ಇನ್‌ಸ್ಪೆಕ್ಟರಿಗೆ ಫೋನು, ಮೇಲ್ ಒಗ್ಗುತ್ತಿರಲಿಲ್ಲ. ಮಷೀನುಗಳಿರುವ ಶಾಪಿನಿಂದ ನಡೆದೇ ಬಂದು, ಎಣ್ಣೆ ಮೆತ್ತಿದ ಪೀಸೊಂದನ್ನು ನನ್ನ ಕೀಬೋರ್ಡಿನ ಮೇಲೆ ಇಡುತ್ತಿದ್ದರು. ಕುರ್ಚಿ ತೋರಿಸಿದರೆ, "ಕುಂತ್ರ ಹೊತ್ತಾಗ್ತದ್ರಿ, ಒಂದ ಮಾತು" ಎನ್ನುವರು. ಅಂಥ ಒಂದು ಮಾತು ದಿನಕ್ಕೆ ಹತ್ತು ಸಲ.

ತಲೆಕೆಟ್ಟು, ಹನ್ನೊಂದರವರೆಗೆ ಯಾರೂ ಮಾತಾಡಿಸಬಾರದೆಂದು ಮರಾಠಿಯಲ್ಲಿ ರಟ್ಟಿನ ಮೇಲೆ ಬರೆದು ಮೇಜಿನ ಮೇಲೆ ನಿಲ್ಲಿಸಿದೆ. ಮರುದಿನ ಹತ್ತಕ್ಕೆ ಬಂದ ಇನ್‌ಸ್ಪೆಕ್ಟರು ಅದನ್ನು ಓದಿ, ಮೊದಲ ಸಲ ಕುರ್ಚಿ ಎಳೆದು ಕುಳಿತರು. ಪೀಸು ತೊಡೆಯ ಮೇಲಿತ್ತು. ನಾನು ತಲೆಯೆತ್ತಲಿಲ್ಲ, ಗೆದ್ದೆ ಅಂದುಕೊಂಡೆ.

ಹನ್ನೊಂದಕ್ಕೆ ಪೀಸು ಕೀಬೋರ್ಡಿನ ಮೇಲೆ ಬಂತು.

"ನಿಮ್ಮ ನಕ್ಷೆಯೊಳಗ ಈ ತೂತು ಎರಡು ಮಿಲಿಮೀಟರ್ ಆಚೆ ಅದ ನೋಡ್ರಿ."

ನಾನು ಗಾಬರಿಯಾದೆ. "ಮೊದಲ ಹೇಳಬಾರದೇನ್ರಿ? ಎಷ್ಟು ಪೀಸು ಹಾಳಾದ್ವೋ ಏನೋ."

"ಒಂದೂ ಇಲ್ರಿ. ಮಷೀನ್ ಬಂದ್ ಮಾಡೇ ಬಂದೀನಿ."

ಒಂದು ತಾಸು ಮಷೀನು ನನಗಾಗಿ ಸುಮ್ಮನೆ ನಿಂತಿತ್ತು. ಅವರು ಎದ್ದು ನಿಂತು, ನನ್ನ ರಟ್ಟನ್ನು ತಿರುಗಿಸಿ ಮುಂದಿಟ್ಟರು.

"ಹಿಂದ ಜಾಗ ಅದ. ಖರೇ ಅಳತಿ ಬರ್ದು ಕೊಡ್ರಿ."

ಬರೆದುಕೊಟ್ಟೆ. ರಟ್ಟನ್ನು ಅವರೇ ಒಯ್ದರು.