ಉಗಿಯಕ್ಕನ ತಾಳದ ಪೆಟ್ಟಿಗೆ

ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಅಡುಗೆಮನೆಗೂ ಶವಾಗಾರಕ್ಕೂ ನಡುವೆ ಲಾಂಡ್ರಿ ಇದೆ. ರೋಗಿಗಳು ಹೊದ್ದದ್ದು, ಹಾಸಿದ್ದು, ಕಕ್ಕಿಕೊಂಡದ್ದು ಎಲ್ಲವೂ ಅಲ್ಲಿ ಕುದಿಸಿಕೊಂಡು, ಹಿಂಡಿಸಿಕೊಂಡು, ಕೊನೆಗೆ ರೋಲರ್ ಇಸ್ತ್ರಿಯ ಬಾಯಿಗೆ ಹೋಗುತ್ತದೆ. ಗೋಡೆಯಷ್ಟು ಅಗಲದ ಆ ಯಂತ್ರ ಒದ್ದೆ ಬೆಡ್‌ಶೀಟನ್ನು ಒಂದು ಕಡೆ ನುಂಗಿ, ಇನ್ನೊಂದು ಕಡೆ ರಟ್ಟಿನಂತೆ ಗರಿಗರಿಯಾಗಿ ಉಗುಳುತ್ತದೆ. ಅದಕ್ಕೆ ಶೀಟು ಉಣಿಸುವವಳು ಉಗಿಯಕ್ಕ. ಉಗಿಯಲ್ಲಿ ಬೇಯುವ ಕೆಲಸದಿಂದ ಆ ಹೆಸರು ಬಂತೆಂದು ಅವಳು ಹೇಳುತ್ತಾಳೆ. ಕಂಡಕಂಡವರಿಗೆ ಉಗಿಯುವುದರಿಂದ ಬಂತೆಂದು ಅವಳ ಅತ್ತೆ ಹೇಳುತ್ತಾಳೆ. ಎರಡರಲ್ಲೂ ಹುರುಳಿದೆ.

ಅವಳಿಗೊಂದು ಚಟ. ಯಾವ ವಸ್ತು ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆಂದು ಕೆದಕಬೇಕು. ಮೊದಲ ಸಲ ನಮ್ಮ ಯೂನಿಯನ್ನಿನ ಜೊತೆ ಮೆರವಣಿಗೆಗೆ ಬಂದಾಗ ಪೊಲೀಸರು ಅಡ್ಡ ನಿಂತಿದ್ದರು. ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರೆ ಇವಳು ಒಬ್ಬ ಪೇದೆಯ ಪಕ್ಕ ನಿಂತು, “ಅಣ್ಣಾ, ಈ ವಾಕಿಟಾಕೀಲಿ ಇಬ್ರೂ ಒಟ್ಟಿಗೆ ಮಾತಾಡಿದ್ರೆ ಏನಾಗುತ್ತೆ?” ಎಂದು ವಿಚಾರಿಸುತ್ತಿದ್ದಳು. ಪಾಪ, ಅವನಿಗೂ ಗೊತ್ತಿರಲಿಲ್ಲ.

ಅವಳ ತಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ಒಂದು ಪೆಟ್ಟಿಗೆಯನ್ನು ಅಕ್ಕನ ಮನೆಯಲ್ಲಿಟ್ಟು, “ಮಾರಬೇಡ, ಮಕ್ಕಳ ಕೈಗೆ ಕೊಡಬೇಡ” ಎಂದು ಹೇಳಿಹೋದ. ಮುಟ್ಟಬೇಡ ಎನ್ನಲಿಲ್ಲ. ಅಷ್ಟು ಸಂದು ಅವಳಿಗೆ ಸಾಕಾಯಿತು.

ಗ್ರೂವ್‌ಬಾಕ್ಸ್ ಎನ್ನುತ್ತಾರಂತೆ ಅದಕ್ಕೆ. ಊಟದ ಡಬ್ಬಿಯಷ್ಟು ದೊಡ್ಡದು. ಎರಡು ಸಾಲು ಗುಂಡಿಗಳು, ಮೇಲೆ ತಿರುಗಿಸುವ ತಿರುಪುಗಳು, ಅಂಚೆಚೀಟಿಯಷ್ಟು ಪರದೆ. ಡ್ರಮ್ಮು, ಕಂಚು, ಗುಂಯ್ ಎನ್ನುವ ತಂತಿ, ಎಲ್ಲ ಸದ್ದೂ ಒಳಗೇ ಇವೆ, ಬೇಕಾದರೆ ಹೊರಗಿನ ಸದ್ದನ್ನೂ ತುಂಬಿಸಬಹುದು. ಒಂದು ಗುಂಡಿ ಒಂದು ಹೆಜ್ಜೆ ಇದ್ದಂತೆ. ಯಾವುದನ್ನು ಒತ್ತುತ್ತೇವೋ ಆ ಹೆಜ್ಜೆಯಲ್ಲಿ ಪೆಟ್ಟು ಬೀಳುತ್ತದೆ. ಒಂದು ಕೆಂಪು ದೀಪ ಹದಿನಾರು ಗುಂಡಿಗಳ ಮೇಲೆ ಓಡಿಹೋಗಿ ಮತ್ತೆ ಮೊದಲಿಗೆ ಬರುತ್ತದೆ. ನಿಲ್ಲಿಸುವವರೆಗೆ ದಣಿವೆಂಬುದಿಲ್ಲ.

ಅದರ ಜೊತೆಗೆ ಮಗಳ ಶಾಲೆಯ ಪಾಠಕ್ಕೆ ತಂದಿದ್ದ ಟ್ಯಾಬ್ಲೆಟ್ಟು, ಮೂಲೆ ಒಡೆದದ್ದು. ದನಿ ಹಿಡಿದಿಡುವ ಆಪು, ಹಿಡಿದದ್ದನ್ನು ಪದರಪದರವಾಗಿ ಜೋಡಿಸುವ ಆಪು, ಎಲ್ಲವನ್ನೂ ಅದಕ್ಕೆ ಹಾಕಿಕೊಂಡಳು. ಟ್ಯಾಬ್ಲೆಟ್ಟಿನಲ್ಲೇ ತಾಳವೂ ಸಿಗುತ್ತದಲ್ಲ, ಪೆಟ್ಟಿಗೆ ಏಕೆ ಎಂದು ನಾನು ಕೇಳಿದೆ. ಅವಳು ಬೆರಳು ಚಾಚಿದಳು. ಬಿಸಿ ಶೀಟು ಹಿಡಿದು ಹಿಡಿದು ತುದಿಗಳು ಚರ್ಮದ ಚಪ್ಪಲಿಯ ಹಾಗಾಗಿದ್ದವು.

“ಗಾಜಿಗೆ ನನ್ನ ಬೆರಳು ಗುರುತೇ ಸಿಗಲ್ಲ. ಹತ್ತು ಸಲ ತಟ್ಟಿದ್ರೆ ನಾಲ್ಕು ಸಲ ಓಗೊಡುತ್ತೆ. ಗುಂಡಿ ಹಾಗಲ್ಲ, ಒತ್ತಿದ್ರೆ ಒತ್ತಿದ್ದು. ತಾಳ ಇದ್ರಲ್ಲಿ, ದನಿ ಅದ್ರಲ್ಲಿ.”

ಎರಡನ್ನೂ ವೈರಿನಿಂದ ಜೋಡಿಸಿದಳು. ಮೊದಲ ದಿನ ಅವು ಕಚ್ಚಾಡಿದವು. ಎರಡೂ ತಾನೇ ಮುಂದಾಳು ಎಂದುಕೊಂಡಿದ್ದವು, ಯಾವುದೂ ಇನ್ನೊಂದರ ಹಿಂದೆ ಹೋಗಲೊಲ್ಲದು. ನಮ್ಮ ಸಂಘಟನೆಗಳು ಇಬ್ಭಾಗವಾದದ್ದು ಇದೇ ಕಾಯಿಲೆಯಿಂದ. ಅವಳು ಟ್ಯಾಬ್ಲೆಟ್ಟನ್ನು ಮುಂದಾಳು ಮಾಡಿ ಪೆಟ್ಟಿಗೆಗೆ ಹಿಂಬಾಲಿಸಲು ಹೇಳಿದಳು. ಜಗಳ ನಿಂತಿತು.

ಆ ವರ್ಷ ಲಾಂಡ್ರಿಯನ್ನು ಹೊರಗಿನ ಗುತ್ತಿಗೆದಾರನಿಗೆ ಕೊಡುವ ಮಾತು ಎದ್ದಿತು. ಅದನ್ನು ತೀರ್ಮಾನಿಸುವ ಕಮಿಟಿಯವರು ನೋಡಲು ಬರುವ ದಿನ ಆಸ್ಪತ್ರೆಯ ಗೇಟಿನಲ್ಲಿ ಸಭೆ ಮಾಡುವುದೆಂದು ತೀರ್ಮಾನಿಸಿದೆವು. ಸಭೆ ಎಂದ ಮೇಲೆ ಹಾಡು ಬೇಕು. ಲಾಂಡ್ರಿ ಹೆಂಗಸರಿಗೆ ತಮ್ಮದೇ ಹಾಡಿತ್ತು, ರೋಲರ್ ಮುಂದೆ ನಿಂತು ಒಬ್ಬೊಬ್ಬರು ಒಂದೊಂದು ಸಾಲು ಸೇರಿಸಿ ಕಟ್ಟಿದ್ದು. ‘ನಿನ್ನ ರಕ್ತ ನನ್ನ ಕೈಲಿ, ನನ್ನ ಬೆವರು ನಿನ್ನ ಹಾಸಿಗೇಲಿ’ ಎಂದು ಶುರುವಾಗುತ್ತದೆ. ನಮ್ಮ ಯೂನಿಯನ್ನಿನ ಹಾಡಿನ ತಂಡದ ಉಳಿದ ಹಾಡುಗಳೆಲ್ಲ ಒಂದು ಕರ್ಚೀಫನ್ನೂ ಒಗೆಯದ ಗಂಡಸರು ಬರೆದವು.

ತಂಡದ ಡ್ರಮ್ಮಿನವನು ಬೇರೆ ಊರಿಗೆ ಹೋಗಿಬಿಟ್ಟಿದ್ದ. ತಾಳ ನಾನು ಕೊಡುತ್ತೇನೆಂದು ಉಗಿಯಕ್ಕ ಮುಂದೆ ಬಂದಳು. ತಂಡ ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು. ಒಳ್ಳೆಯ ಮನುಷ್ಯ, ಜೈಲು ಕಂಡವರು, ಆದರೆ ತಾಳ ತಪ್ಪಿದರೆ ಹಲ್ಲುನೋವು ಬಂದವರಂತೆ ಮುಖ ಮಾಡುತ್ತಾರೆ. ಯೂನಿಯನ್ ಕಚೇರಿಯಲ್ಲಿ ಪೆಟ್ಟಿಗೆ ಶುರುವಾಯಿತು, ಹೆಂಗಸರು ಹಾಡಿದರು, ಎರಡನೇ ಸಾಲಿಗೇ ಹಾಡು ಒಂದು ಕಡೆ, ತಾಳ ಒಂದು ಕಡೆ.

“ಏನ್ರಮ್ಮಾ, ಪ್ರತಿ ಸಾಲಿಗೂ ತಡವಾಗಿ ಬರ್ತೀರಿ. ಬಸ್ಸು ಹೋದ್ಮೇಲೆ ಕೈ ಅಡ್ಡ ಹಿಡಿದ ಹಾಗಾಯ್ತು.”

“ಬಸ್ಸೇ ಬೇಗ ಬಿಟ್ರೆ ನಾವೇನು ಮಾಡೋಣ ಮೇಷ್ಟ್ರೇ?” ಎಂದಳು ಉದ್ದಕ್ಕ. ರೋಲರ್ ಮುಂದೆ ಉಗಿಯಕ್ಕನ ಜೊತೆ ಶೀಟಿನ ಇನ್ನೊಂದು ತುದಿ ಹಿಡಿಯುವವಳು ಅವಳು.

“ಹಾಗಿದ್ರೆ ಸಭೆಗೆ ಹಳೇ ಹಾಡೇ ಇರಲಿ. ನಿಮ್ಮದು ಇನ್ನೊಂದು ಸಲ ನೋಡೋಣ.”

ನಮ್ಮ ಚಳವಳಿಯಲ್ಲಿ ‘ಇನ್ನೊಂದು ಸಲ’ ಎಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತು. ಉಗಿಯಕ್ಕ ಇನ್ನೊಂದು ಅಭ್ಯಾಸದವರೆಗೆ ಸಮಯ ಕೇಳಿಕೊಂಡಳು.

ಮರುದಿನ ಟ್ಯಾಬ್ಲೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಲಾಂಡ್ರಿಗೆ ಒಯ್ದು, ಕೆಲಸದ ನಡುವೆ ಹೆಂಗಸರು ಹಾಡುವುದನ್ನು ಹಿಡಿದು ತಂದಳು. ಪರದೆಯ ಮೇಲೆ ದನಿ ಗುಡ್ಡಗಳ ಸಾಲಿನಂತೆ ಕಂಡಿತು. ಹಾಡಿನ ಒಂದೊಂದು ಸಾಲು ಮುಗಿದಲ್ಲಿ ಒಂದು ಬೋಳು ಜಾಗ, ನಡುವೆ ಮುಳ್ಳಿನಂಥ ಒಂದೇ ಗೆರೆ. ಎಲ್ಲ ಸಾಲಿಗೂ ಅಷ್ಟೇ ಅಗಲದ್ದು. ತಪ್ಪು ಸಿಕ್ಕಿತೆಂದು ಅವಳಿಗೆ ಖುಷಿಯೋ ಖುಷಿ. ಬೋಳು ಜಾಗವನ್ನೆಲ್ಲ ಕತ್ತರಿಸಿ ಎಸೆದು ಸಾಲಿಗೆ ಸಾಲು ಅಂಟಿಸಿದಳು. ಹಾಡು ಪೆಟ್ಟಿಗೆಯ ಹದಿನಾರು ಹೆಜ್ಜೆಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತಿತು.

ಅಭ್ಯಾಸದಲ್ಲಿ ಅದನ್ನು ಕೇಳಿಸಿ, ಹೀಗೆ ಹಾಡಿ ಎಂದಳು. ಹಾಡಿದರು. ಮೂರನೇ ಸಾಲಿಗೆ ಉಸಿರು ಕಟ್ಟಿತು, ನಾಲ್ಕನೆಯದಕ್ಕೆ ಒಬ್ಬಳಿಗೆ ಕೆಮ್ಮು ಹತ್ತಿತು.

“ನಾವೇನು ಓಟದ ಕುದುರೆಗಳೇನೇ?” ಉದ್ದಕ್ಕ ಕುರ್ಚಿಯಲ್ಲಿ ಕುಸಿದಳು. “ಉಸಿರಾಡೋಕೂ ಜಾಗ ಇಡ್ದೆ ಹೊಲಿದಿದ್ದೀಯಲ್ಲೇ.”

ಮೇಷ್ಟ್ರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, “ಬಿಡಮ್ಮಾ, ಎಲ್ಲ ಹಾಡೂ ಮೈಕಿಗೆ ಆಗಿಬರಲ್ಲ,” ಎಂದರು. ಬೈದಿದ್ದರೆ ಅವಳಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಕತ್ತರಿಸುವ ಮೊದಲಿನ ಹಾಡು ಟ್ಯಾಬ್ಲೆಟ್ಟಿನಲ್ಲಿ ಹಾಗೇ ಇತ್ತು. ಮನೆಗೆ ಬಂದು ಅಡುಗೆಮನೆಯ ನೆಲದಲ್ಲಿ ಕೂತು ಅದನ್ನೇ ಮತ್ತೆಮತ್ತೆ ಹಾಕಿದಳು. ಅತ್ತೆ ಒಲೆಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಮಷಿನ್ನಿಗೆ ಹಾಡು ಕಲಿಸ್ತೀಯ. ನನ್ನ ಮಗನಿಗೆ ತಿಂದ ತಟ್ಟೆ ತೊಳಿಯೋದು ಕಲಿಸೋಕಾಗ್ಲಿಲ್ಲ ನಿನ್ನ ಕೈಲಿ.”

“ಮಷಿನ್ನು ಹೇಳಿದ್ದು ಕೇಳುತ್ತೆ ಅತ್ತೆ.”

ಇನ್ನೊಂದು ಎಸಳು ಸುಲಿದು ಅತ್ತೆ ತಲೆ ಎತ್ತಿದಳು. “ಅದೇನೇ ಅದು? ನಡುನಡುವೆ ಚಟ್ ಅಂತ ಬಟ್ಟೆ ಒದರೋ ಸದ್ದು?”

“ಎಲ್ಲಿ?”

“ಕಿವಿಯೊಳಗೂ ಇಸ್ತ್ರಿ ಮಾಡ್ಕೊಂಡಿದ್ದೀಯಾ? ಕೇಳು. ಸಾಲು ಮುಗೀತು... ಚಟ್! ಮುಗೀತು... ಚಟ್!”

ಉಗಿಯಕ್ಕ ಇನ್ನೊಮ್ಮೆ ಹಾಕಿ ಕೇಳಿದಳು, ಚಟ್ ಅವಳಿಗೂ ಸಿಕ್ಕಿತು. ಆಮೇಲೆ ಎದ್ದುಹೋಗಿ ಹಾಸಿಗೆಯ ಮೇಲಿನ ಶೀಟನ್ನು ಎಳೆದು ತಂದು ಒಂದು ತುದಿಯನ್ನು ಅತ್ತೆಯ ಕೈಗೆ ತುರುಕಿದಳು.

“ಬೆಳ್ಳುಳ್ಳಿ ಕೈ ಕಣೇ!”

“ಇರಲಿ, ಹಿಡೀರಿ ಅತ್ತೆ.”

ಹಾಡುತ್ತಾ ಶೀಟನ್ನು ರೋಲರಿಗೆ ಉಣಿಸುವಂತೆ ನಟಿಸಿದಳು. ಒಂದು ಸಾಲು ಹಾಡಿದಷ್ಟು ಹೊತ್ತಿಗೆ ಒಂದು ಶೀಟು ಒಳಗೆ ಹೋಗುತ್ತದೆ. ಆಮೇಲೆ ಬಗ್ಗಿ ಇನ್ನೊಂದನ್ನು ಎತ್ತಿ, ಇಬ್ಬರೂ ತುದಿ ಹಿಡಿದು ಒದರಬೇಕು. ಅಷ್ಟರಲ್ಲಿ ಬಾಯಿ ಸುಮ್ಮನಿದ್ದು ಉಸಿರು ತುಂಬಿಕೊಳ್ಳುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ. ದಿನವೂ ಮಾಡುವವರಿಗೆ ಅದು ಕೇಳಿಸುತ್ತಲೂ ಇರಲಿಲ್ಲ. ಅವಳು ಕತ್ತರಿಸಿ ಬಿಸಾಡಿದ್ದು ಆ ಕೆಲಸವನ್ನೇ.

ಈಗ ಪೆಟ್ಟಿಗೆಯನ್ನು ಕೆದಕುವ ಸರದಿ. ಹದಿನಾರರ ಆಚೆಗೆ ಹೆಜ್ಜೆ ಇಡಲು ಅದಕ್ಕೆ ಬರುತ್ತದೆಯೇ? ಒಂದೊಂದೇ ಗುಂಡಿ ಒತ್ತಿ ನೋಡಿದಳು. ಒಂದು ಸಲ ಎಲ್ಲವೂ ಅಳಿಸಿಹೋಗಿ ಮೊದಲಿಂದ ಹಾಕಿದಳು. ಕೊನೆಗೆ ಎರಡು ಗುಂಡಿಗಳನ್ನು ಒಟ್ಟಿಗೆ ಹಿಡಿದು ತಿರುಪು ತಿರುಗಿಸಿದಾಗ ಪರದೆಯಲ್ಲಿ ಉದ್ದದ ಅಂಕಿ ಬದಲಾಯಿತು. ಕೆಂಪು ದೀಪ ಹದಿನಾರಕ್ಕೆ ಹೋಗಿ, ಹಿಂದಿರುಗದೆ, ಇನ್ನೊಂದು ಪುಟಕ್ಕೆ ಹಾರಿ ಎರಡು ಹೆಜ್ಜೆ ಇಟ್ಟು ಆಮೇಲೆ ಮನೆಗೆ ಬಂತು. ಹದಿನೆಂಟು. ಹಾಡಿನಿಂದ ಆ ಚಟ್ ಸದ್ದನ್ನು ಕಿತ್ತು ಹದಿನೇಳನೇ ಹೆಜ್ಜೆಯಲ್ಲಿ ಕೂರಿಸಿದಳು. ಟ್ಯಾಬ್ಲೆಟ್ಟಿನ ಮುಂದಾಳ್ತನವನ್ನು ಕಿತ್ತುಕೊಂಡು ಪೆಟ್ಟಿಗೆಗೆ ಕೊಟ್ಟಳು. ರೋಲರಿನ ಗುಂಯ್‌ಗುಡುವ ಸದ್ದನ್ನು ಟ್ಯಾಬ್ಲೆಟ್ಟು ಅಡಿಯಲ್ಲಿ ಹಾಸುತ್ತಾ ಹಿಂದೆ ಬಂದರೆ ಸಾಕಿತ್ತು.

ಅಷ್ಟು ಹೊತ್ತಿಗೆ ಸಭೆಯ ದಿನ ಬಂದಿತ್ತು. ಅಭ್ಯಾಸಕ್ಕೆ ಬಿಡುವಿರಲಿಲ್ಲ. ಗೇಟಿನಲ್ಲಿ ಆಟೋ ಮೇಲೆ ಸ್ಪೀಕರು ಕಟ್ಟುತ್ತಿದ್ದಾಗ ಮೇಷ್ಟ್ರ ಎದುರು ನಿಂತು ಹೊಸ ಲೆಕ್ಕ ಹೇಳಿದಳು.

“ಹದಿನೆಂಟಾ? ಅದ್ಯಾವ ತಾಳಮ್ಮಾ?”

“ಶೀಟಿನ ತಾಳ.”

ಮೇಷ್ಟ್ರು ತೊಡೆಯ ಮೇಲೆ ಎಣಿಸಿ ನೋಡಿದರು, ತಪ್ಪಿದರು, ಮತ್ತೆ ಎಣಿಸಿದರು. “ನೋಡು, ಎರಡನೇ ಸಾಲು ಕೆಟ್ರೆ ನಾನು ಮೈಕ್ ತಗೊಂಡು ಹಳೇ ಹಾಡು ಎತ್ಕೋತೀನಿ. ಆಮೇಲೆ ಮುನಿಸ್ಕೋಬಾರ್ದು.”

“ಕೆಟ್ರೆ ನಾನೇ ಮೈಕ್ ಕೊಡ್ತೀನಿ.”

ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟು ಒತ್ತಿದಳು. ಸ್ಪೀಕರಿನಿಂದ ರೋಲರು ಗುಂಯ್‌ಗುಟ್ಟಿದ್ದೇ ಲಾಂಡ್ರಿ ಹೆಂಗಸರು ನಿಂತ ಭಂಗಿಯೇ ಬದಲಾಯಿತು. ಕಾಲು ಅಗಲಿಸಿ, ಇಬ್ಬಿಬ್ಬರು ಎದುರುಬದುರಾಗಿ ನಿಂತರು. ಮೊದಲ ಸಾಲು ಮುಗಿಯಿತು. ಚಟ್! ಯಾರೂ ಹೇಳಿಕೊಡದೆ ಅಷ್ಟೂ ಕೈಗಳು ಗಾಳಿಯಲ್ಲಿ ಇಲ್ಲದ ಶೀಟನ್ನು ಎತ್ತಿ ಒದರಿದವು. ಎರಡನೇ ಸಾಲು ಸೀದಾ ಮೊದಲ ಪೆಟ್ಟಿನ ಮೇಲೆ ಬಂದು ಕೂತಿತು. ಮೈಕಿನತ್ತ ಹೊರಟಿದ್ದ ಮೇಷ್ಟ್ರು ಅರ್ಧದಲ್ಲಿ ನಿಂತು, ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಕೈ ಹಾಕಿಕೊಂಡರು. ಸುತ್ತ ನಿಂತವರು ಚಪ್ಪಾಳೆ ಹಾಕಲು ಹೋಗಿ ಪ್ರತಿ ಸಾಲಿಗೂ ಎಡವುತ್ತಿದ್ದರು. ನಾನೂ ಎಡವಿದೆ. ಕೈ ಎತ್ತಿ ಒದರಿದವರಿಗೆ ಮಾತ್ರ ತಾಳ ಸಿಕ್ಕಿತು. ಹಾಡು ಮುಗಿಯುವ ಹೊತ್ತಿಗೆ ಗೇಟಿನ ಕಾವಲುಗಾರನೂ ಒದರುತ್ತಿದ್ದ.

ಕಮಿಟಿಯವರು ಕಿಟಕಿಯಿಂದ ನೋಡಿದರು. ಗುತ್ತಿಗೆಯ ವಿಷಯವನ್ನು ಮುಂದಕ್ಕೆ ಹಾಕಿದ್ದೇವೆಂದು ಸಂಜೆ ಹೇಳಿಕಳಿಸಿದರು. ರದ್ದು ಮಾಡಲಿಲ್ಲ. ಹಾಡಿಗೆ ಹೆದರಿದರೆಂದು ಹೇಳುವಷ್ಟು ದಡ್ಡ ನಾನಲ್ಲ. ಜಗಳ ಇನ್ನೂ ನಡೆದಿದೆ.

ಸ್ಪೀಕರು ಬಿಚ್ಚುವಾಗ ವಾರ್ಡು ಗುಡಿಸುವ ಹೆಂಗಸರು ಉಗಿಯಕ್ಕನನ್ನು ಸುತ್ತುವರಿದರು. ಅವರದೂ ಒಂದು ಹಾಡಿದೆಯಂತೆ, ಅದೂ ಯಾವ ತಾಳಕ್ಕೂ ಕೂರುವುದಿಲ್ಲವಂತೆ. ಒಬ್ಬಳು ಅಲ್ಲೇ ಗಂಟಲು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟಳು.

“ಏಯ್, ನಿಲ್ಲಿಸೇ,” ಎಂದಳು ಉಗಿಯಕ್ಕ. “ಹೀಗೆ ಕಂಬದ ಥರ ನಿಂತ್ಕೊಂಡು ಹಾಡಿದ್ರೆ ನನಗೇನು ಗೊತ್ತಾಗುತ್ತೆ? ನಿಮ್ಮ ವಾರ್ಡು ಎಲ್ಲಿದೆ? ನಡೀರಿ, ಪೊರಕೆ ಹಿಡೀರಿ.”

ಟ್ಯಾಬ್ಲೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವರ ಹಿಂದೆ ಹೊರಟಳು.